ಯಾವ ಹಳೇ ಕಾಲ ಸ್ವಾಮಿ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಹಾಲಿವುಡ್‌ನ ಹಳೇ ಕಪ್ಪು-ಬಿಳುಪು ಚಿತ್ರಗಳಲ್ಲಿ ಹೆಂಗಸರು ಎಷ್ಟು ಮರ್ಯಾದೆಯಾಗಿ ಇರುತ್ತಿದ್ದರು! ಕೆಡಿಸಿದ್ದೆಲ್ಲ ಈಗಿನವರು.’

ನಿಮ್ಮ ಅಕ್ಷರ ಮುದ್ದಾಗಿದೆ, ಅದಕ್ಕೇ ಪತ್ರವನ್ನು ಎರಡು ಸಲ ಓದಿದೆ. ಆದರೆ ಯಾವ ಹಳೇ ಕಾಲ ಸ್ವಾಮಿ? ನೀವು ನೋಡಿರುವುದು 1934ರ ಜುಲೈ ನಂತರದವು ಇರಬೇಕು. ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಅನ್ನುವ ಹಾಲಿವುಡ್ಡಿನ ನೀತಿಸಂಹಿತೆಯನ್ನು 1930ರಲ್ಲೇ ಬರೆದಿಟ್ಟಿದ್ದರು, ಯಾರೂ ಕ್ಯಾರೇ ಅನ್ನಲಿಲ್ಲ. ಕ್ಯಾಥೊಲಿಕ್ ಚರ್ಚಿನವರು ಬಹಿಷ್ಕಾರದ ಬೆದರಿಕೆ ಹಾಕಿದ ಮೇಲೆ ಆ ಸಂಹಿತೆ ಜಾರಿಯ ಹೊಣೆ ಹೊತ್ತ ಜೋಸೆಫ್ ಬ್ರೀನ್ ಕತ್ತರಿ ಹಿಡಿದು ಕೂತರು.

ಅದಕ್ಕೂ ಮುಂಚಿನ ನಾಲ್ಕು ವರ್ಷ ನೋಡಿ. 1930ರ ‘ದಿ ಡಿವೋರ್ಸೀ’ಯಲ್ಲಿ ಗಂಡ ಇನ್ನೊಬ್ಬಳ ಜತೆ ಹೋಗಿ ಸಿಕ್ಕಿಬೀಳುತ್ತಾನೆ, ಅದೇನು ದೊಡ್ಡ ವಿಷಯ ಅನ್ನುತ್ತಾನೆ. ಹೆಂಡತಿ ತಾನೂ ಹಾಗೇ ಮಾಡಿ ಬಂದು ಲೆಕ್ಕ ಚುಕ್ತಾ ಅಂದಾಗ ಮಾತ್ರ ಅದು ಬಹಳ ದೊಡ್ಡ ವಿಷಯವಾಗಿಬಿಡುತ್ತದೆ! ಹೆಂಡತಿಯ ಪಾತ್ರ ಮಾಡಿದ ನಾರ್ಮಾ ಶಿಯರರ್‌ಗೆ ಆಸ್ಕರ್ ಬಂತು. ಆಕೆಯ ನಿಜವಾದ ಗಂಡ, ಎಂಜಿಎಂ ಸ್ಟುಡಿಯೋದ ದೊಡ್ಡ ತಲೆ ಅರ್ವಿಂಗ್ ಥಾಲ್‌ಬರ್ಗ್, ಈ ಪಾತ್ರಕ್ಕೆ ನೀನು ಒಗ್ಗಲ್ಲ ಅಂದಿದ್ದರಂತೆ. ಆಕೆ ಸುಮ್ನೆ ಹೋಗಿ ಮಾದಕ ಫೋಟೋ ತೆಗೆಸಿಕೊಂಡು ಬಂದು ಮುಂದಿಟ್ಟರು.

ಇನ್ನು 1933ರ ‘ಬೇಬಿ ಫೇಸ್’. ಅಪ್ಪನೇ ಮಗಳನ್ನು ಗಿರಾಕಿಗಳ ಹತ್ತಿರ ಕಳಿಸುತ್ತಾನೆ. ಒಬ್ಬ ಮುದಿ ಚಮ್ಮಾರ ಅವಳಿಗೆ ಜರ್ಮನ್ ತತ್ವಜ್ಞಾನಿ ನೀಚೆಯನ್ನು ಓದಿಸಿ, ಗಂಡಸರನ್ನು ನೀನೇ ಬಳಸಿಕೋ ಅನ್ನುತ್ತಾನೆ. ಆ ಮಗಳಾಗಿ ಬಾರ್ಬರಾ ಸ್ಟ್ಯಾನ್‌ವಿಕ್ ನ್ಯೂಯಾರ್ಕಿನ ಬ್ಯಾಂಕಿನಲ್ಲಿ ಮಹಡಿಯಿಂದ ಮಹಡಿಗೆ ಹತ್ತುವುದನ್ನು ಕ್ಯಾಮೆರಾ ಹೊರಗೆ ನಿಂತು ತೋರಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಸೆನ್ಸಾರಿನವರು ಒಪ್ಪಲಿಲ್ಲ. ಆಗ ಚಮ್ಮಾರನ ಬಾಯಿಗೆ ನೀತಿಬೋಧೆ ತುರುಕಿದರು, ನಾಯಕಿಯನ್ನು ಬಡತನಕ್ಕೆ ವಾಪಸ್ ಕಳಿಸಿದರು. ಕತ್ತರಿ ಬೀಳದ ಪ್ರತಿ ಸಿಕ್ಕಿದ್ದು 2004ರಲ್ಲಿ.

ಸ್ಟುಡಿಯೋದವರು ಹೆಂಗಸರ ಉದ್ಧಾರಕ್ಕೆ ಹೊರಟಿರಲಿಲ್ಲ, ಒಪ್ಪಿದೆ. ಆರ್ಥಿಕ ಕುಸಿತದ ಕಾಲ, ಟಿಕೆಟ್ ಹೋಗಬೇಕಿತ್ತು. ಅದೇ ವರ್ಷದ ‘ಫೀಮೇಲ್’ನಲ್ಲಿ ಕಾರು ಕಾರ್ಖಾನೆ ನಡೆಸುವವಳು ಕೊನೆಗೆ ಅದನ್ನು ಗಂಡಸಿನ ಕೈಗಿಟ್ಟು, ಒಂಬತ್ತು ಮಕ್ಕಳನ್ನು ಹೆರುತ್ತೇನೆ ಅನ್ನುತ್ತಾಳೆ. ನಾನೂ ತಲೆ ಚಚ್ಚಿಕೊಂಡೆ.

ಆದರೆ ಕತ್ತರಿಗೆ ಸಿಕ್ಕಿದ್ದು ಬರೀ ಲಂಗ, ಒಳಲಂಗ ಅಂದುಕೊಂಡಿರಾ? 1932ರ ‘ರೆಡ್-ಹೆಡೆಡ್ ವುಮನ್’ನಲ್ಲಿ ಜೀನ್ ಹಾರ್ಲೋ ಸಂಸಾರ ಒಡೆದು, ಗುಂಡು ಹಾರಿಸಿ, ಕೊನೆಗೆ ಪ್ಯಾರಿಸ್ಸಿನಲ್ಲಿ ಆರಾಮಾಗಿರುತ್ತಾಳೆ. ಆ ಆರಾಮವನ್ನೇ ಕತ್ತರಿಸಿದ್ದು. ತಪ್ಪಿದವಳು ಅಳಬೇಕು, ಇಲ್ಲ ಸಾಯಬೇಕು. ಗಂಡಸಿಗೆ ರಿಯಾಯಿತಿ ಇತ್ತು ಬಿಡಿ.

ಈ ಕಾಯಿಲೆ ಅಮೆರಿಕದ್ದು ಮಾತ್ರ ಅಲ್ಲ. ಹಿಂದೊಮ್ಮೆ ನಮ್ಮ ಪತ್ರಿಕೆಯಲ್ಲೇ ಒಂದು ಕಥೆ ಬಂತು. ಗಂಡನನ್ನು ಬಿಟ್ಟವಳು ಕೊನೇ ಸಾಲಿನಲ್ಲಿ ಚಹಾ ಕುಡಿಯುತ್ತಾಳೆ, ಅಷ್ಟೇ. ಅವಳಿಗೆ ಸ್ವಲ್ಪವಾದರೂ ಪಶ್ಚಾತ್ತಾಪ ಬೇಡವೇ ಅಂತ ಪತ್ರಗಳು ಬಂದವು. ಅದರಲ್ಲಿ ಒಂದರ ಅಕ್ಷರ ತುಂಬಾ ಮುದ್ದಾಗಿತ್ತು.