‘ಯಾರಾದರೂ’ ಅನ್ನುವ ಮಾತು

ಕಣ್ಣೆದುರು ಒಬ್ಬರು ಬಿದ್ದರು, ನಾನು ನಿಂತು ನೋಡಿದೆ. ಈ ಸಂಕಟ ಹೊತ್ತು ಆಪ್ತಸಲಹೆಗೆ ಬರುವವರು ಕಡಿಮೆಯೇನಲ್ಲ. ಹೆಚ್ಚಿನವರು ನಿದ್ದೆ ಬರುತ್ತಿಲ್ಲ, ಎದೆ ಡವಗುಟ್ಟುತ್ತದೆ ಎಂದೇ ಮಾತು ತೆಗೆಯುತ್ತಾರೆ. ನಡೆದದ್ದು ಬಾಯಿಗೆ ಬರುವುದು ಎರಡನೆಯದೋ ಮೂರನೆಯದೋ ಭೇಟಿಯಲ್ಲಿ. ಇಲ್ಲಿ ಹೇಳುತ್ತಿರುವುದು ಸಿರಸಿ ಕಡೆಯ ಒಬ್ಬ ಮಹಿಳೆಯ ವಿಷಯ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು, ಸಹಕಾರಿ ಸಂಘವೊಂದರಲ್ಲಿ ಕೆಲಸ. ಮಳೆಗಾಲದ ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗನೊಬ್ಬ ಫಿಟ್ಸ್ ಬಂದು ಬಿದ್ದ. ಸುತ್ತ ಇಪ್ಪತ್ತು ಮೂವತ್ತು ಜನ. ಒಬ್ಬರು ಅವನ ಮುಷ್ಟಿಗೆ ಬೀಗದಕೈ ತುರುಕಿದರು, ಇಬ್ಬರು ಕೈಕಾಲು ಅದುಮಿ ಹಿಡಿದರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಲು ನೋಡಿದರು. ಇದೆಲ್ಲ ತಪ್ಪೆಂದು ಇವರಿಗೆ ಗೊತ್ತಿತ್ತು. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದರು. ಆದರೂ ಒಂದು ಮಾತು ಹೊರಡಲಿಲ್ಲ. ಎರಡು ನಿಮಿಷಕ್ಕೆ ಫಿಟ್ಸ್ ನಿಂತಿತು, ಹುಡುಗನಿಗೆ ಏನೂ ಆಗಲಿಲ್ಲ. ‘ಏನೂ ಆಗಲಿಲ್ಲವಲ್ಲ, ಬಿಟ್ಟುಬಿಡು’ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಇವರಿಗೆ ಬಿಡಲಾಗಲಿಲ್ಲ. ಬಸ್ ಹತ್ತುವುದನ್ನೇ ನಿಲ್ಲಿಸಿದರು.

ಮೂರನೇ ಭೇಟಿಯಲ್ಲಿ ಆ ಎರಡು ನಿಮಿಷವನ್ನು ಬಿಡಿಬಿಡಿಯಾಗಿ ಹೇಳಲು ಕೇಳಿದೆ. ಎಲ್ಲಿ ನಿಂತಿದ್ದಿರಿ, ಯಾರ ಮುಖ ನೋಡಿದಿರಿ, ಕೈ ಏನು ಮಾಡುತ್ತಿತ್ತು? ‘ಕೈ ನಡುಗುತ್ತಿತ್ತು ಮೇಡಂ. ಎಲ್ಲರ ಮುಖ ನೋಡಿದೆ. ಯಾರೂ ಗಾಬರಿಯಾದ ಹಾಗೆ ಕಾಣಲಿಲ್ಲ. ನಾನು ಬಾಯಿ ಹಾಕಿದರೆ ಇವಳದೆಂತ ಅಧಿಕಪ್ರಸಂಗ ಅಂತಾರೆ ಅನಿಸಿತು. ಪರಿಚಯದವರೇ ನಾಲ್ಕು ಜನ ಇದ್ದರು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: ‘ಅವನು ಎದ್ದು ಕೂತ ಮೇಲೆ ಎಲ್ಲರಿಗಿಂತ ಮೊದಲು ನೀರು ಕೊಡಿ ಅಂದವಳು ನಾನೇ. ಆಗ ಸ್ವರ ಬಂತು.’

ಅವರನ್ನು ತಿನ್ನುತ್ತಿದ್ದುದು ಈ ಮಾತು. ತನಗೆ ಕರುಣೆಯೇ ಇಲ್ಲ ಎಂದುಕೊಂಡಿದ್ದರು. ಕರುಣೆ ಇಲ್ಲದವರ ಕೈ ನಡುಗುವುದಿಲ್ಲ.

1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದನ್ನು ಅವರಿಗೆ ವಿವರಿಸಿದೆ. ನ್ಯೂಯಾರ್ಕಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನೇ ಕೋಣೆಯಲ್ಲಿ ಕೂರಿಸಿ, ಇನ್ನೊಂದು ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದಂತೆ ದನಿ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ. 85 ಜನ ಆ ದನಿ ಮುಗಿಯುವ ಮೊದಲೇ ಸಹಾಯ ಕರೆಯಲು ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ. 31 ಮಾತ್ರ. ಏಳದೆ ಕೂತವರು ಕಲ್ಲುಮನಸ್ಸಿನವರೇನೂ ಆಗಿರಲಿಲ್ಲ. ಅವರಲ್ಲೂ ಅನೇಕರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು.

ಇಷ್ಟು ಹೇಳಿ, ನಿಮ್ಮದೇನೂ ತಪ್ಪಿಲ್ಲ ಎಂದು ಬೆನ್ನು ತಟ್ಟಿ ಕಳಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ನೊಂದು ಬಂದವರಿಗೆ ಅಭ್ಯಾಸ ಕೊಡುವುದು ಕಠಿಣವಾಯಿತು ಎಂದು ಆಕ್ಷೇಪಿಸುವವರಿದ್ದಾರೆ. ನನ್ನ ನಂಬಿಕೆ ಬೇರೆ: ಅವರಿಗೆ ಬೇಕಾಗಿದ್ದು ಸಮಾಧಾನವಲ್ಲ, ಮುಂದಿನ ಸಲ ತನ್ನಿಂದ ಆಗುತ್ತದೆ ಎಂಬ ಭರವಸೆ. ಅದು ಬಾಯಿಮಾತಿನಿಂದ ಬರುವುದಿಲ್ಲ, ರೂಢಿಯಿಂದ ಬರುತ್ತದೆ.

ಅಲ್ಲೇ ಶುರು ಮಾಡಿದೆವು. ಆ ದಿನ ಏನು ಹೇಳಬೇಕಿತ್ತೋ ಅದನ್ನು ಈಗ ಹೇಳಿ ಎಂದೆ. ಮೆಲ್ಲಗೆ ಅಂದರು: ‘ಯಾರಾದರೂ ಸ್ವಲ್ಪ 108ಕ್ಕೆ ಫೋನ್ ಮಾಡ್ತೀರಾ?’ ಈ ವಾಕ್ಯದಲ್ಲಿ ಎರಡು ಕಡೆ ಸೋರುತ್ತದೆ. ‘ಯಾರಾದರೂ’ ಎಂದಾಗ ಪ್ರತಿಯೊಬ್ಬರೂ ಪಕ್ಕದವರನ್ನು ನೋಡುತ್ತಾರೆ. ‘ಮಾಡ್ತೀರಾ’ ಎಂದು ಕೇಳಿದರೆ ಯೋಚಿಸಲು ಎಡೆಯಾಗುತ್ತದೆ. ಒಬ್ಬರನ್ನು ಆರಿಸಬೇಕು, ಬೆರಳು ತೋರಿಸಬೇಕು, ಉಟ್ಟ ಬಟ್ಟೆಯನ್ನೋ ಕೈಯಲ್ಲಿದ್ದುದನ್ನೋ ಹಿಡಿದು ಕರೆಯಬೇಕು: ‘ಕೆಂಪು ಕೊಡೆಯವರೇ, ನೀವು 108ಕ್ಕೆ ಫೋನ್ ಮಾಡಿ. ಮಾಡಿದ ಮೇಲೆ ನನಗೆ ಬಂದು ಹೇಳಿ.’ ಕೊನೆಯ ತುಂಡನ್ನು ಬಿಡಬಾರದು. ಫೋನ್ ಹೋಯಿತೋ ಇಲ್ಲವೋ ಗೊತ್ತಾಗುವುದು ಅದರಿಂದಲೇ. ಒಂಬತ್ತನೇ ಸಲಕ್ಕೆ ಅವರ ಸ್ವರ ಬಾಗಿಲಾಚೆ ಕೇಳುವಷ್ಟು ಏರಿತು. ದಿನಕ್ಕೆ ಐದು ಸಲ, ಅಂಗಳದಲ್ಲಿ ನಿಂತು, ಗಟ್ಟಿಯಾಗಿ ಹೇಳಿ ಎಂದು ಕಳಿಸಿದೆ. ಮನಸ್ಸಿನಲ್ಲಿ ಹೇಳಿಕೊಂಡರೆ ಆಗದು, ಅವತ್ತು ಕಟ್ಟಿದ್ದು ಗಂಟಲು.

ಫಿಟ್ಸ್ ಬಂದಾಗ ಮಾಡಬೇಕಾದ್ದನ್ನೂ ಮತ್ತೆ ಬರೆಸಿದೆ. ಮೊದಲು ಗಡಿಯಾರ ನೋಡುವುದು. ತಲೆ ಕೆಳಗೆ ಶಾಲೋ ಚೀಲವೋ ಮೆತ್ತಗಿನದೇನಾದರೂ ಇಟ್ಟು, ಸುತ್ತಲಿನ ಗಟ್ಟಿ ವಸ್ತುಗಳನ್ನು ದೂರ ಸರಿಸಿ, ಕೊರಳಿನ ಗುಂಡಿ ಸಡಿಲಿಸುವುದು. ಅದುಮಿ ಹಿಡಿಯಬಾರದು. ಬಾಯಿಗೆ ಏನನ್ನೂ ಹಾಕಬಾರದು, ಹಲ್ಲು ಮುರಿಯುತ್ತದೆ, ಮುರಿದದ್ದು ಉಸಿರ್ನಾಳಕ್ಕೆ ಇಳಿಯಬಹುದು. ಸೆಳೆತ ನಿಂತೊಡನೆ ಒಂದು ಮಗ್ಗುಲಿಗೆ ತಿರುಗಿಸಿದರೆ ಜೊಲ್ಲು ಹೊರಗೆ ಹರಿಯುತ್ತದೆ. ಪೂರ್ತಿ ಎಚ್ಚರವಾಗುವ ತನಕ ನೀರೂ ಬೇಡ. ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಪೆಟ್ಟಾಗಿದ್ದರೆ, ಗರ್ಭಿಣಿಯಾಗಿದ್ದರೆ ತಡಮಾಡದೆ ಆಸ್ಪತ್ರೆ.

ಹೆದ್ದಾರಿ 66ರಲ್ಲೋ ದೇವಿಮನೆ ಘಟ್ಟದಲ್ಲೋ ಅಪಘಾತ ಕಂಡವರು ಹೇಳುವುದು ಪೊಲೀಸರ ಭಯ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಸದುದ್ದೇಶದಿಂದ ನೆರವಾದವರನ್ನು ಸಿವಿಲ್, ಕ್ರಿಮಿನಲ್ ಹೊಣೆಯಿಂದ ಕಾಪಾಡುತ್ತದೆ. ಇದನ್ನು ಮನೆಯವರಿಗೆಲ್ಲ ತಿಳಿಸಿಡಿ.

ಐದನೇ ಭೇಟಿಗೆ ಅವರು ಬಸ್ಸಿನಲ್ಲಿ ಬಂದಿದ್ದರು. ಪ್ರಶ್ನೆಯೊಂದನ್ನು ಚೀಟಿಯಲ್ಲಿ ಬರೆದು ತಂದಿದ್ದರು: ಬೀಗದಕೈ ಹಿಡಿದು ಬಂದ ಅಜ್ಜನಿಗೆ ಏನು ಹೇಳುವುದು? ವಾದಕ್ಕೆ ನಿಲ್ಲಬೇಡಿ ಎಂದೆ. ಅವರೂ ನೆರವಿಗೆಂದೇ ಬಂದವರು, ಗೊತ್ತಿದ್ದದ್ದನ್ನು ಮಾಡುತ್ತಿದ್ದಾರೆ. ಅವರ ಕೈಗೆ ಬೇರೆ ಕೆಲಸ ಕೊಡಿ: ‘ಅಜ್ಜ, ನಿಮ್ಮ ವಾಚು ನೋಡಿ, ಎಷ್ಟು ನಿಮಿಷ ಆಯ್ತು ಅಂತ ನನಗೆ ಹೇಳ್ತಾ ಇರಿ.’

ಅವರು ಅದನ್ನೂ ಚೀಟಿಯ ಹಿಂದೆ ಬರೆದುಕೊಂಡು, ಎದ್ದು ನಿಂತು, ಗಟ್ಟಿಯಾಗಿ ಹೇಳಿ ನೋಡಿದರು.