ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಸಮ್ಮೇಳನ, ಸ್ಪರ್ಧೆ, ಫೆಲೋಶಿಪ್ ಅಂತ ಮೇಲ್ ಮೇಲೆ ಮೇಲ್. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ಮೊದಲ ವರ್ಷ, ಜೊತೆಗೆ ಕ್ರಿಯೇಟಿವ್ ರೈಟಿಂಗ್ ಕೂಡ ಇದೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ ಅಂತ ಬರೆದಿದ್ದೀರಿ. ನಾನೂ ಅದೇ ಓದು ಮುಗಿಸಿದವನು. ಹಿಡಿದ ಅವಕಾಶಗಳಿಗಿಂತ ಕೈಬಿಟ್ಟವೇ ಜಾಸ್ತಿ. ಹಾಗಾಗಿ ಬಿಟ್ಟವುಗಳ ಲೆಕ್ಕದಿಂದಲೇ ಹೇಳುತ್ತೇನೆ.

ನನಗೆ ತಡವಾಗಿ ಹೊಳೆದದ್ದು ಇಷ್ಟು: ಈ ಕ್ಷೇತ್ರದ ಕ್ಯಾಲೆಂಡರ್ ಸುಮಾರು ಒಂದು ವರ್ಷ ಮುಂದೆ ಓಡುತ್ತಿರುತ್ತದೆ. ಎಂಎಲ್ಎ, ಅಂದರೆ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್, ಅಮೆರಿಕದಲ್ಲಿ 1883ರಿಂದ ಇರುವ, ಭಾಷೆ-ಸಾಹಿತ್ಯ ಕಲಿಸುವವರ ಸಂಸ್ಥೆ. ಅದರ ದೊಡ್ಡ ಸಮ್ಮೇಳನ ಜನವರಿಯಲ್ಲಿ. ಆದರೆ ಅಲ್ಲಿ ಪೇಪರ್ ಓದಬೇಕಾದರೆ ಹಿಂದಿನ ಮಾರ್ಚ್ ಹೊತ್ತಿಗೇ ಸಾರಾಂಶ ಕಳಿಸಿರಬೇಕು. ಡಿಸೆಂಬರಿನಲ್ಲಿ ಪೋಸ್ಟರ್ ನೋಡಿ 'ಹೋಗೋಣವಾ' ಅಂದುಕೊಂಡರೆ ಕೇಳಲು ಹೋಗಬಹುದು, ಅಷ್ಟೇ. ಎರಡು ವರ್ಷದ ಕೋರ್ಸಿನಲ್ಲಿ ಇಂಥದ್ದಕ್ಕೆ ನಿಮಗೆ ಸಿಗುವುದು ಒಂದೇ ಸುತ್ತು. ಅದು ಮೊದಲ ವರ್ಷದಲ್ಲೇ ಶುರುವಾಗಿಬಿಟ್ಟಿರುತ್ತದೆ.

ಎಲ್ಲಿ ಹುಡುಕುವುದು ಅಂದರೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ನಡೆಸುವ ಕಾಲ್ ಫಾರ್ ಪೇಪರ್ಸ್ ತಾಣ, ಅಂದರೆ ಪೇಪರುಗಳಿಗೆ ಬರುವ ಆಹ್ವಾನಗಳನ್ನೆಲ್ಲ ಹಾಕುವ ತಾಣ, ಸಾಕು. ಉಚಿತ. ವಿಷಯದ ಪ್ರಕಾರ ವಿಂಗಡಿಸಿದ್ದಾರೆ. ವಾರಕ್ಕೊಮ್ಮೆ ನೋಡಿ. ನೇರವಾಗಿ ಎಂಎಲ್ಎಗೇ ಕೈ ಹಾಕಬೇಕು ಅಂತೇನೂ ಇಲ್ಲ. ವಿದ್ಯಾರ್ಥಿಗಳೇ ನಡೆಸುವ ಸಣ್ಣ ಸಮ್ಮೇಳನಗಳಿರುತ್ತವೆ, ಮೊದಲ ಪೇಪರಿಗೆ ಅವೇ ಒಳ್ಳೆಯದು. ಹೊಸದಾಗಿ ಏನೂ ಬರೆಯಬೇಡಿ. ಹೋದ ಸೆಮಿಸ್ಟರಿನ ಟರ್ಮ್ ಪೇಪರಿನಲ್ಲಿ ಒಂದು ವಾದವನ್ನು ಮಾತ್ರ ಎತ್ತಿಕೊಂಡು ಮುನ್ನೂರು ಪದದ ಸಾರಾಂಶ ಮಾಡಿ. ಸಾಮಾನ್ಯವಾಗಿ ಸಿಗುವ ಇಪ್ಪತ್ತು ನಿಮಿಷದಲ್ಲಿ ನಿಧಾನವಾಗಿ ಓದಿದರೆ ಎರಡೂವರೆ ಸಾವಿರ ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ನಾನು ಇಪ್ಪತ್ತೆರಡು ಪುಟ ಹೊತ್ತುಕೊಂಡು ಹೋಗಿದ್ದೆ. ಒಂಬತ್ತನೇ ಪುಟದಲ್ಲಿದ್ದಾಗ ಅಧ್ಯಕ್ಷರು 'ಎರಡು ನಿಮಿಷ' ಅಂತ ಚೀಟಿ ಸರಿಸಿದರು. ನನ್ನ ಮುಖ್ಯ ಮಾತು ಹದಿನೇಳನೇ ಪುಟದಲ್ಲಿತ್ತು.

ಪ್ರಯಾಣದ ಹಣಕ್ಕೂ ಮೊದಲೇ ಕೇಳಿ. ಬಹಳಷ್ಟು ವಿಭಾಗಗಳಲ್ಲಿ ವಿದ್ಯಾರ್ಥಿಗಳಿಗೆ ಅಂತ ಸ್ವಲ್ಪ ದುಡ್ಡು ಇಟ್ಟಿರುತ್ತಾರೆ. ನಾನು ಬಿಲ್ಲುಗಳನ್ನೆಲ್ಲ ಜೋಪಾನವಾಗಿ ಕೂಡಿಟ್ಟು, ವಾಪಸ್ ಬಂದ ಮೇಲೆ ಕಚೇರಿಗೆ ಹೋದೆ. ಹೋಗುವ ಮುಂಚೆ ಅರ್ಜಿ ಕೊಟ್ಟಿಲ್ಲ ಅಂತ ಒಂದು ಪೈಸೆಯೂ ಬರಲಿಲ್ಲ.

ಇನ್ನು ಕಥೆ, ಕವಿತೆಯ ಕಡೆ. ಬರೆಯುವವರ ಜಾತ್ರೆ ಅಂದರೆ ಎಡಬ್ಲ್ಯೂಪಿ ಸಮ್ಮೇಳನ. ಎಡಬ್ಲ್ಯೂಪಿ ಅಂದರೆ ಅಮೆರಿಕದಲ್ಲಿ ಬರಹಗಾರರು, ಬರವಣಿಗೆ ಕಲಿಸುವ ವಿಭಾಗಗಳು ಸೇರಿರುವ ಸಂಘ. 1967ರಲ್ಲಿ ಹುಟ್ಟಿದ ಈ ಸಂಸ್ಥೆ ಪ್ರತಿವರ್ಷ ಬೇರೆ ಬೇರೆ ಊರಿನಲ್ಲಿ ಅದನ್ನು ನಡೆಸುತ್ತದೆ. ಹೋಗಲು ಆದರೆ ಗೋಷ್ಠಿಗಳಿಗಿಂತ ಪುಸ್ತಕ ಮಳಿಗೆಗಳಲ್ಲಿ ಹೊತ್ತು ಕಳೆಯಿರಿ. ಸಣ್ಣ ಪತ್ರಿಕೆಗಳ ಸಂಪಾದಕರು ಅಲ್ಲೇ ಮೇಜು ಹಾಕಿಕೊಂಡು ಕೂತಿರುತ್ತಾರೆ. ಅವರು ಎಂಥದ್ದನ್ನು ಇಷ್ಟಪಡುತ್ತಾರೆ ಅಂತ ಪತ್ರಿಕೆ ತಿರುವಿ ಹಾಕಿದರೆ ಗೊತ್ತಾಗುತ್ತದೆ. ಇದೇ ಸಂಸ್ಥೆಯ ಇಂಟ್ರೋ ಜರ್ನಲ್ಸ್ ಪ್ರಾಜೆಕ್ಟ್ ಅನ್ನುವ, ವಿದ್ಯಾರ್ಥಿಗಳ ಬರಹ ಆರಿಸಿ ಪತ್ರಿಕೆಗಳಲ್ಲಿ ಹಾಕಿಸುವ ಸ್ಪರ್ಧೆಗೆ ವಿದ್ಯಾರ್ಥಿ ತಾನೇ ಕಳಿಸುವಂತಿಲ್ಲ, ಸದಸ್ಯತ್ವ ಇರುವ ವಿಭಾಗವೇ ಹೆಸರು ಸೂಚಿಸಬೇಕು. ನಿಮ್ಮ ವಿಭಾಗ ಸದಸ್ಯವಾ ಅಂತ ಕೇಳಿ ನೋಡಿ. ಕೇಳುವವರೇ ಇರುವುದಿಲ್ಲ.

ಸ್ಪರ್ಧೆಗಳಲ್ಲಿ ಶುಲ್ಕ ಇಲ್ಲದವನ್ನು ಮೊದಲು ಮುಗಿಸಿ. ಕಾಮನ್‌ವೆಲ್ತ್ ಸಣ್ಣಕಥೆ ಪ್ರಶಸ್ತಿಗೆ ಶುಲ್ಕ ಇಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿರಬೇಕು, ಕಥೆ 2,000ದಿಂದ 5,000 ಪದದೊಳಗೆ ಇರಬೇಕು, ಎಲ್ಲೂ ಪ್ರಕಟವಾಗಿರಬಾರದು. ಪತ್ರಿಕೆಗಳಿಗೆ ಸಬ್‌ಮಿಟಬಲ್ ಅನ್ನುವ, ಬರಹ ಕಳಿಸುವ ತಾಣದ ಮೂಲಕ ಕಳಿಸುವಾಗ ಮೂರು ಡಾಲರ್ ಆಸುಪಾಸು ಕೇಳುವವರು ತುಂಬ ಇದ್ದಾರೆ. ಒಂದಕ್ಕೆ ಏನೂ ಅಲ್ಲ, ಮೂವತ್ತಕ್ಕೆ ಲೆಕ್ಕ ಹಾಕಿ. ಒಂದೇ ಕಥೆಯನ್ನು ನಾಲ್ಕು ಕಡೆ ಕಳಿಸಲು ಬಹಳ ಪತ್ರಿಕೆಗಳು ಬಿಡುತ್ತವೆ. ಆದರೆ ಒಂದು ಕಡೆ ಒಪ್ಪಿದ ದಿನವೇ ಉಳಿದ ಮೂರು ಕಡೆಯಿಂದ ವಾಪಸ್ ತೆಗೆಯಬೇಕು.

'ಪ್ರಕಟವಾಗಿರಬಾರದು' ಅನ್ನುವ ಮಾತಿಗೆ ನಾನು ಏಟು ತಿಂದಿದ್ದೇನೆ. ಅಚ್ಚಾಗಿರಬಾರದು ಅಂದುಕೊಂಡಿದ್ದೆ. ಕವಿತೆ ಆಯ್ಕೆಯಾಯಿತು. ಖುಷಿಯಲ್ಲಿ ನಾನೇ ಸಂಪಾದಕರಿಗೆ 'ಇದು ಫೇಸ್‌ಬುಕ್ಕಿನಲ್ಲೂ ಓಡಿತ್ತು' ಅಂತ ಬರೆದೆ. ಮರುದಿನ ಕವಿತೆ ಹೊರಗೆ! ಬ್ಲಾಗು, ಫೇಸ್‌ಬುಕ್ ಪೋಸ್ಟು, ಎಲ್ಲವನ್ನೂ ಪ್ರಕಟಣೆ ಅಂತಲೇ ಎಣಿಸುವ ಪತ್ರಿಕೆಗಳು ಕಡಿಮೆ ಇಲ್ಲ. ಕಳಿಸಬೇಕು ಅಂತಿರುವುದನ್ನು ಹಾಕಬೇಡಿ.

ಹಣವೂ ಪ್ರಯಾಣವೂ ಬೇಡದ ಇನ್ನೊಂದು ದಾರಿ ಇದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ನಿಮ್ಮ ವಿಭಾಗದಲ್ಲೋ ಬೇರೆ ಕಡೆಯೋ ನಡೆಯುವ ಸಾಹಿತ್ಯ ಪತ್ರಿಕೆಗೆ ಬಂದ ಕಥೆಗಳನ್ನು ಮೊದಲು ಓದಿ ವಿಂಗಡಿಸುವ ಕೆಲಸ. ಸಂಬಳ ಸಾಮಾನ್ಯವಾಗಿ ಇರುವುದಿಲ್ಲ. ನಾನು ಒಂದು ಸೆಮಿಸ್ಟರ್ ಮಾಡಿದೆ. ಶುರುವಿನಲ್ಲಿ ಪ್ರತಿ ಕಥೆಯನ್ನೂ ಕೊನೆವರೆಗೆ ಓದುತ್ತಿದ್ದೆ. ಎರಡನೇ ತಿಂಗಳಿಗೆ ಮೂರನೇ ಪುಟದಲ್ಲೇ ಕೈ ನಿಲ್ಲತೊಡಗಿತು. ಯಾಕೆ ಅಂತ ಗಮನಿಸಿದೆ. ಬಹುಪಾಲು ಕಥೆಗಳು ಆ ಪುಟದವರೆಗೂ ಶುರುವೇ ಆಗಿರುತ್ತಿರಲಿಲ್ಲ. ಮನೆಗೆ ಬಂದು ನನ್ನದನ್ನು ತೆಗೆದು ನೋಡಿದರೆ ಅದೂ ಹಾಗೇ. ಮೊದಲ ಎರಡು ಪುಟ ಕಿತ್ತು ಹಾಕಿ ಕಳಿಸಿದೆ, ಅದು ಆಯ್ಕೆಯಾಯಿತು. ತಿರಸ್ಕಾರದ ಮೇಲ್ ಬಂದರೆ ಮೊದಲಿನಷ್ಟು ನೋವಾಗದಿರುವುದೂ ಆಗಿನಿಂದಲೇ. ಆ ಕಡೆ ಕೂತವರ ಕಷ್ಟ ನೋಡಿದ್ದೆನಲ್ಲ.

ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಚೆನ್ನಾಗಿ ಬಂದರೆ ಅನುವಾದದ ಕಡೆಯೂ ಒಂದು ಕಣ್ಣಿಡಿ. ಅಲ್ಲಿ ಗುಂಪು ಚಿಕ್ಕದು. ಬ್ರಿಟಿಷ್ ಸೆಂಟರ್ ಫಾರ್ ಲಿಟರರಿ ಟ್ರಾನ್ಸ್‌ಲೇಶನ್ ಬೇಸಿಗೆ ಶಾಲೆ ನಡೆಸುತ್ತದೆ. ಅಮೆರಿಕದ ಅನುವಾದಕರ ಸಂಘ, ಆಲ್ಟಾ, ತನ್ನ ಸಮ್ಮೇಳನಕ್ಕೆ ಬರುವ ಹೊಸಬರಿಗೆ ಪ್ರಯಾಣದ ಫೆಲೋಶಿಪ್ ಕೊಡುತ್ತದೆ.

ಈಗ ಬಿಡಬೇಕಾದವು. 1907ರಿಂದ ಇರುವ ಮ್ಯಾಕ್‌ಡವೆಲ್‌ನಂಥ ಬರಹಗಾರರ ತಂಗುದಾಣದ ಫೋಟೋ ನೋಡಿ ಆಸೆಪಟ್ಟವನು ನಾನೂ. ಕಾಡಿನ ನಡುವೆ ಒಂಟಿ ಕೊಠಡಿ, ಮಧ್ಯಾಹ್ನದ ಊಟ ಬುಟ್ಟಿಯಲ್ಲಿ ಬಾಗಿಲಿಗೇ ಬರುತ್ತದಂತೆ! ಆದರೆ ಪದವಿಗೆ ಓದುತ್ತಿರುವವರು ಅಲ್ಲಿಗೆ ಅರ್ಜಿ ಹಾಕುವಂತಿಲ್ಲ. ಸ್ಟ್ಯಾನ್‌ಫರ್ಡಿನ ಸ್ಟೆಗ್ನರ್ ಫೆಲೋಶಿಪ್ ಎರಡು ವರ್ಷದ್ದು, ಪ್ರಾವಿನ್ಸ್‌ಟೌನಿನ ಫೈನ್ ಆರ್ಟ್ಸ್ ವರ್ಕ್ ಸೆಂಟರಿನದು ಏಳು ತಿಂಗಳಿನದು. ಅವು ಓದು ಮುಗಿದ ಮೇಲಿನ ಮಾತು. ಕೊನೆಯ ವರ್ಷದ ಶುರುವಿನಲ್ಲಿ ನೋಡಿದರೆ ಸಾಕು. ನಿಮ್ಮ ಕವಿತೆಯನ್ನು ತಕ್ಷಣ ಹೊಗಳಿ, ಆಮೇಲೆ ಸಂಕಲನದ ಪ್ರತಿ ಕೊಳ್ಳಿ ಅನ್ನುವವರು, ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಸಮ್ಮೇಳನಕ್ಕೆ 'ಗೌರವಾನ್ವಿತ ಪ್ರೊಫೆಸರ್' ಅಂತ ಕರೆಯುವವರು, ಇವರ ಮೇಲ್ ಸುಮ್ನೆ ಅಳಿಸಿ.

ಒಂದು ಮರೆತಿದ್ದೆ. ನಿಮ್ಮ ಥೀಸಿಸ್ಸೇ ಕಥಾಸಂಕಲನವೋ ಕಾದಂಬರಿಯೋ ಆಗಿದ್ದರೆ, ವಿಶ್ವವಿದ್ಯಾಲಯ ಅದನ್ನು ಎಲ್ಲರಿಗೂ ಕಾಣುವಂತೆ ಆನ್‌ಲೈನಿನಲ್ಲಿ ಇಡಬಹುದು. ಅದೂ ಪ್ರಕಟಣೆ ಅಂತ ಎಣಿಕೆಯಾದೀತು. ಸಲ್ಲಿಸುವ ಫಾರಂನಲ್ಲಿ ಎಂಬಾರ್ಗೋ, ಅಂದರೆ ಸದ್ಯ ಯಾರಿಗೂ ತೋರಿಸಬೇಡಿ, ಅಂತ ಒಂದು ಚಿಕ್ಕ ಚೌಕ ಇದ್ದರೆ, ಗುರುತು ಹಾಕಿ, ಎಷ್ಟು ವರ್ಷ ತಡೆಹಿಡಿಯಲು ಬಿಡುತ್ತಾರೋ ಅಷ್ಟನ್ನೂ ಬರೆಯಿರಿ. ಚೌಕ ಇಲ್ಲದಿದ್ದರೆ ಸಲ್ಲಿಸುವ ಮುಂಚೆಯೇ ಗ್ರಂಥಾಲಯದಲ್ಲಿ ಕೇಳಿ.