ಪ್ರತಿ: ಕೊಲೊರಾಡೋ ಫಾರ್ಮ್‌ನಿಂದ ತರಿಸುವ ಬೈಸನ್ (ಕಾಡುಕೋಣದಂಥ ಅಮೆರಿಕದ ಪ್ರಾಣಿ) ಬರ್ಗರ್ ಒಣಗುತ್ತಿದೆ, ಫಾರ್ಮ್ ಬದಲಿಸಬೇಕೇ?

ಫಾರ್ಮ್ ಬದಲಿಸಬೇಡಿ. ಬಹುಶಃ ದನದ ಕೀಮಾದ ಲೆಕ್ಕದಲ್ಲೇ ಬೇಯಿಸುತ್ತಿದ್ದೀರಿ. ಬೈಸನ್ ಮಾಂಸದ ಎಳೆಗಳ ನಡುವೆ ಕೊಬ್ಬು ತೀರಾ ಕಡಿಮೆ, ಜೋರು ಉರಿ ತಗುಲಿದರೆ ರಸವೆಲ್ಲ ತವೆಗೆ ಹೋಗುತ್ತದೆ.

ಮೊದಲು ಕೀಮಾದಲ್ಲಿ ಕೊಬ್ಬು ಎಷ್ಟಿದೆ ಎಂದು ಫಾರ್ಮ್‌ನವರನ್ನು ಕೇಳಿ. ಶೇ. 10ಕ್ಕಿಂತ ಕಡಿಮೆಯಿದ್ದರೆ ಬೈಸನ್ ಕೊಬ್ಬನ್ನೇ ಸೇರಿಸಿ 15ರ ಆಸುಪಾಸಿಗೆ ತರಲು ಹೇಳಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು. ಹೆಪ್ಪುಗಟ್ಟಿ ಬಂದದ್ದನ್ನು ಫ್ರಿಜ್‌ನಲ್ಲೇ ಕರಗಿಸಿ. ಪ್ಯಾಟಿ (ಕೀಮಾದ ಚಪ್ಪಟೆ ಬಿಲ್ಲೆ) 2 ಸೆಂ.ಮೀ. ದಪ್ಪವಿರಲಿ, ಹೆಚ್ಚು ನಾದಬೇಡಿ, ಪ್ಯಾಟಿಗೆ ಉಪ್ಪು ಹಚ್ಚುವುದು ತವೆಗೆ ಹಾಕುವ ಮುನ್ನವಷ್ಟೇ. ಮಧ್ಯಮ ಉರಿ, ಒಂದೇ ಸಲ ಮಗುಚಿ. ಸಟ್ಟುಗದಿಂದ ಪ್ಯಾಟಿ ಒತ್ತುವ ಚಟವಿರುವ ಅಡುಗೆಯವರನ್ನು ದೂರವಿಡಿ!

ಬಣ್ಣ ನಂಬಬೇಡಿ. ಥರ್ಮಾಮೀಟರನ್ನು ಪಕ್ಕದಿಂದ ನಡುವಿಗೆ ಚುಚ್ಚಿ, 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ಇಳಿಸಿ. ಅಮೆರಿಕದ ಕೃಷಿ ಇಲಾಖೆ ಕೀಮಾಗೆ ಹೇಳುವುದೂ ಅಷ್ಟೇ.